ಎತ್ತರಿಸಿದ ಟ್ರಕ್ಕಿಗೆ ಬಂದ ನಡುಕ

ಅಮೆರಿಕದ ಹೆದ್ದಾರಿಗಳಲ್ಲಿ ಒಂದು ಬಗೆಯ ಪಿಕಪ್ ಟ್ರಕ್ಕುಗಳಿವೆ. ಹತ್ತಲು ಏಣಿ ಬೇಕೇನೋ ಎನಿಸುವಷ್ಟು ಎತ್ತರ. ಕಾರ್ಖಾನೆಯಿಂದ ಹೊರಬಿದ್ದಾಗ ಅವು ಹಾಗಿರುವುದಿಲ್ಲ. ಮಾಲೀಕರೇ ಉದ್ದನೆಯ ಸ್ಪ್ರಿಂಗ್ ಹಾಕಿಸಿ, ದೊಡ್ಡ ಟೈರು ತೊಡಿಸಿ ಎತ್ತರಿಸಿಕೊಳ್ಳುತ್ತಾರೆ. ಕಲ್ಲು, ಹಳ್ಳ ದಾಟಲು ಅನುಕೂಲ. ನೋಟಕ್ಕೂ ಒಂದು ಗತ್ತು. ಆದರೆ ಇವುಗಳಲ್ಲಿ ಕೆಲವಕ್ಕೆ ಭಯ ಹುಟ್ಟಿಸುವ ಕಾಯಿಲೆಯೊಂದಿದೆ. ಗಂಟೆಗೆ 70-80 ಕಿ.ಮೀ. ವೇಗದಲ್ಲಿ ಸಾಗುವಾಗ ಸಣ್ಣ ಗುಂಡಿ ಸಿಕ್ಕರೂ ಸಾಕು, ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಬಡಿದುಕೊಳ್ಳತೊಡಗುತ್ತವೆ. ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ವೇಗ ಚೆನ್ನಾಗಿ ಇಳಿಯುವವರೆಗೂ ಬಿಡುವಿಲ್ಲ. ಅಲ್ಲಿನ ಚಾಲಕರು ಇದಕ್ಕಿಟ್ಟ ಹೆಸರು 'ಡೆತ್ ವಾಬಲ್', ಅಂದರೆ ಸಾವಿನ ನಡುಕ.

ಇಂಥ ಗಾಡಿಗೆ ಟೈರು ಬದಲಿಸುವುದು, ಶಾಕ್ ಅಬ್ಸಾರ್ಬರ್ ಬದಲಿಸುವುದು ವಾಡಿಕೆ. ಆದರೂ ನಡುಕ ಮರಳಿ ಬರುವುದುಂಟು. ಏಕೆಂದರೆ ಎಷ್ಟೋ ಸಲ ಕೆಟ್ಟಿರುವುದು ಬಿಡಿಭಾಗವಲ್ಲ, ಕೋನ. ಆ ಕೋನಗಳ ಲೆಕ್ಕವೋ, ಕುದುರೆ ಗಾಡಿಯ ಕಾಲದಿಂದ ಬಂದದ್ದು.

ಊರ ತೇರನ್ನು ಬೀದಿಯ ತಿರುವಿನಲ್ಲಿ ತಿರುಗಿಸುವ ಪಾಡನ್ನು ನೋಡಿದವರಿಗೆ ಇದರ ಮೂಲ ಹೇಳಬೇಕಿಲ್ಲ. ಎರಡು ಗಾಲಿಯ ಎತ್ತಿನ ಗಾಡಿಗೆ ಆ ಕಷ್ಟವಿಲ್ಲ. ನಾಲ್ಕು ಗಾಲಿಯ ವಾಹನಕ್ಕೆ ಇದೆ. ತಿರುವಿನಲ್ಲಿ ಒಳಗಿನ ಚಕ್ರ ಹೆಚ್ಚು, ಹೊರಗಿನ ಚಕ್ರ ಕಡಿಮೆ ಹೊರಳಬೇಕು. ಮ್ಯೂನಿಕ್‌ನ ಗಾಡಿ ತಯಾರಕ ಲಾಂಕೆನ್ಸ್‌ಪರ್ಗರ್ ಇದಕ್ಕೊಂದು ಸನ್ನೆಯ ಜೋಡಣೆ ಕಂಡುಹಿಡಿದ. 1818ರಲ್ಲಿ ಲಂಡನ್ನಿನಲ್ಲಿ ಅದರ ಪೇಟೆಂಟ್ ಪಡೆದವನು ಅವನ ಪ್ರತಿನಿಧಿ, ಚಿತ್ರ ಪ್ರಕಾಶಕ ಆಕರ್‌ಮನ್. ಹೆಸರು ಉಳಿದದ್ದೂ ಪ್ರತಿನಿಧಿಯದೇ! ಅದಕ್ಕೂ ಸುಮಾರು ಅರವತ್ತು ವರ್ಷ ಮೊದಲೇ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನ ಅಜ್ಜ ಇರಾಸ್ಮಸ್ ಡಾರ್ವಿನ್‌ಗೆ ಇದೇ ಉಪಾಯ ಹೊಳೆದಿತ್ತು.

ಮೋಟಾರು ಬಂದ ಮೇಲೆ ಇನ್ನೊಂದು ತೊಡಕು ಕಂಡಿತು. ವೇಗ ಏರಿದಂತೆ ಗಾಡಿ ಅತ್ತಿತ್ತ ಅಲೆಯುತ್ತಿತ್ತು. 1896ರಲ್ಲಿ ಫ್ರಾನ್ಸಿನ ಆರ್ಥರ್ ಕ್ರೆಬ್ಸ್ ಮುಂದಿನ ಅಚ್ಚನ್ನು ತುಸು ಹಿಂದಕ್ಕೆ ವಾಲಿಸುವ ಸಲಹೆಗೆ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದರಿಂದ ಕೈಬಿಟ್ಟರೂ ಅದು ನೇರ ಓಡುತ್ತದಲ್ಲ, ಅದೇ ತತ್ವ. ಈ ವಾಲುವಿಕೆಗೆ ಕ್ಯಾಸ್ಟರ್ ಎನ್ನುತ್ತಾರೆ. ಕ್ರೆಬ್ಸ್ ಮರುವರ್ಷ ಪನ್‌ಹಾರ್ಡ್ ಕಂಪನಿಯ ಆಡಳಿತ ವಹಿಸಿಕೊಂಡ. ಅಚ್ಚು ಪಕ್ಕಕ್ಕೆ ಜಾರದಂತೆ ಚಾಸಿಗೆ ಬಿಗಿದು ಹಿಡಿಯುವ ಅಡ್ಡ ಸರಳನ್ನು ಬಳಕೆಗೆ ತಂದದ್ದೂ ಅದೇ ಕಂಪನಿ. ಅದಕ್ಕೆ ಇಂದಿಗೂ ಪನ್‌ಹಾರ್ಡ್ ರಾಡ್ ಎಂದೇ ಹೆಸರು.

ಚಕ್ರದ ನಡುಕ ದೊಡ್ಡ ತಲೆನೋವಾದದ್ದು 1920ರ ದಶಕದಲ್ಲಿ. ಗಾಳಿ ಒತ್ತಡ ಕಡಿಮೆಯಿದ್ದ ದಪ್ಪ 'ಬಲೂನ್' ಟೈರುಗಳು ಬಂದವು, ಮುಂದಿನ ಚಕ್ರಕ್ಕೂ ಬ್ರೇಕ್ ಬಂತು. ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಹಿಡಿದಿರುವಾಗ ಒಂದರ ಪೆಟ್ಟು ಇನ್ನೊಂದಕ್ಕೆ ದಾಟುತ್ತದೆ. ರೋಲ್ಸ್‌ರಾಯ್ಸ್‌ನಿಂದ ಜನರಲ್ ಮೋಟಾರ್ಸ್‌ಗೆ ಬಂದ ಇಂಜಿನಿಯರ್ ಮಾರಿಸ್ ಓಲಿ ಮುಂತಾದವರ ಶ್ರಮದಿಂದ 1934ರ ಅದರ ಕಾರುಗಳಲ್ಲಿ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯತೊಡಗಿದವು. ಕಾರುಗಳು ಬಚಾವಾದವು. ಟ್ರಕ್ಕು, ಜೀಪುಗಳು ಗಟ್ಟಿಮುಟ್ಟೆಂಬ ಕಾರಣಕ್ಕೆ ಹಳೆಯ ಅಚ್ಚನ್ನೇ ಉಳಿಸಿಕೊಂಡವು. 1941ರ ಯುದ್ಧದ ಜೀಪಿನಲ್ಲಿದ್ದದ್ದೂ ಅದೇ.

ಇಂಥ ಗಾಡಿಗಳನ್ನೇ ಯುದ್ಧಾನಂತರ ಹವ್ಯಾಸಿಗಳು ಎತ್ತರಿಸಿದರು. 1967ರಲ್ಲಿ ಮೆಕ್ಸಿಕೋದ ಬಾಹಾ ಮರಳುಗಾಡಿನ ರೇಸ್ ಶುರುವಾಯಿತು. ಸೇಂಟ್ ಲೂಯಿಸ್‌ನ ಬಾಬ್ ಚಾಂಡ್ಲರ್ ತನ್ನ 1974ರ ಫೋರ್ಡ್ ಪಿಕಪ್ಪನ್ನು ಎತ್ತರಿಸುತ್ತಾ ಹೋಗಿ 'ಬಿಗ್‌ಫುಟ್' ಮಾಡಿದ. 1981ರಲ್ಲಿ ಅದನ್ನು ಹಳೆ ಕಾರುಗಳ ಮೇಲೆ ಹತ್ತಿಸಿ ಪುಡಿಗುಟ್ಟಿದ. ಗೀಳು ಹಬ್ಬಲು ಇಷ್ಟು ಸಾಕಾಯಿತು.

ಎತ್ತರಿಸಿದಾಗ ಆಗುವುದೇನು? ಚಾಸಿ ಮೇಲೇರುತ್ತದೆ, ಅಚ್ಚು ನೆಲದಲ್ಲೇ ಉಳಿಯುತ್ತದೆ. ಎರಡನ್ನೂ ಬೆಸೆಯುವ ತೋಳುಗಳು ಇಳಿಜಾರಾಗುತ್ತವೆ. ಸುರುಳಿ ಸ್ಪ್ರಿಂಗ್‌ನ ಗಾಡಿಯಲ್ಲಿ ತೋಳು ಇಳಿದಂತೆ ಅಚ್ಚು ಮುಂದಕ್ಕೆ ಹೊರಳುತ್ತದೆ. ಐದಾರು ಡಿಗ್ರಿ ಇದ್ದ ಕ್ಯಾಸ್ಟರ್ ಕರಗುತ್ತದೆ. ಉದ್ದ ಬದಲಾಗದ ಪನ್‌ಹಾರ್ಡ್ ರಾಡ್ ಅಚ್ಚನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ.

ಹೀಗಾಗಿ ಗಾಡಿಯ ದೂರನ್ನು ಸರಿಯಾಗಿ ಕೇಳಿಸಿಕೊಳ್ಳುವುದೇ ಅರ್ಧ ರಿಪೇರಿ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನೇ ನೇರಕ್ಕೆ ಮರಳದೆ, ಗಾಡಿ ಅಲೆದಾಡಿದರೆ ಮೊದಲ ಗುಮಾನಿ ಕ್ಯಾಸ್ಟರ್ ಮೇಲೆ. ಗುಂಡಿಗೆ ಬಿದ್ದಾಗಲೆಲ್ಲ ಒಂದೇ ಕಡೆಗೆ ಜಗ್ಗಿದರೆ ಪನ್‌ಹಾರ್ಡ್ ರಾಡೂ ಸ್ಟೀರಿಂಗ್‌ನ ಡ್ರ್ಯಾಗ್ ಲಿಂಕೂ ಸಮಾನಾಂತರ ತಪ್ಪಿವೆಯೇ ನೋಡಬೇಕು. ನಡುಕವಾದರೆ ಟೈರಿನ ಬ್ಯಾಲೆನ್ಸ್ ಪರೀಕ್ಷಿಸಿ, ಅನಂತರ ಸಡಿಲವನ್ನು ಹುಡುಕಬೇಕು. ಅದಕ್ಕೆ ಯಂತ್ರ ಬೇಡ. ಗಾಡಿಯನ್ನು ಜಾಕ್ ಮೇಲೆ ಎತ್ತದೆ, ಭಾರ ಚಕ್ರದ ಮೇಲೇ ಇರುವಂತೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು ಒಬ್ಬ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಎಡಬಲ ಆಡಿಸುತ್ತಾನೆ. ಇನ್ನೊಬ್ಬ ಕೆಳಗೆ ಮಲಗಿ ಪ್ರತಿ ಕೀಲನ್ನೂ ನೋಡುತ್ತಾನೆ. ಪನ್‌ಹಾರ್ಡ್ ರಾಡಿನ ಬೋಲ್ಟು ತೂತಿನೊಳಗೆ ಕೂದಲೆಳೆಯಷ್ಟು ಅಲುಗಿದರೂ ಅಪರಾಧಿ ಸಿಕ್ಕಂತೆ. ಸ್ಟೀರಿಂಗ್ ಡ್ಯಾಂಪರ್ ಬದಲಿಸಿದರೆ ನಡುಕ ಕೆಲಕಾಲ ಅಡಗೀತು, ಕಾರಣ ಹೋಗದು. ಜ್ವರದ ಮೂಲ ನೋಡದೆ ಮಾತ್ರೆ ನುಂಗಿದ ಹಾಗೆ.

ಸಡಿಲ ತೆಗೆದ ಮೇಲಷ್ಟೇ ವ್ಹೀಲ್ ಅಲೈನ್‌ಮೆಂಟ್. ಮೊದಲು ಕ್ಯಾಸ್ಟರ್, ಕೊನೆಗೆ ಚಕ್ರಗಳ ಮುಂತುದಿಗಳ ಅಂತರ. ಗಟ್ಟಿ ಅಚ್ಚಿನ ಗಾಡಿಯಲ್ಲಿ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿದ್ದರೆ ಅದು ಹೊಂದಾಣಿಕೆಯ ಮಾತಲ್ಲ. ಅಚ್ಚು ಬಾಗಿರಬೇಕು ಇಲ್ಲವೆ ಕೀಲು ಸವೆದಿರಬೇಕು. ಕ್ಯಾಸ್ಟರ್ ಸಿಗಲೆಂದು ಅಚ್ಚನ್ನು ಹಿಂದಕ್ಕೆ ಹೊರಳಿಸಿದರೆ ಡಿಫರೆನ್ಷಿಯಲ್‌ನ ಮೂತಿ ಕೆಳಗಿಳಿದು ಪ್ರೊಪೆಲ್ಲರ್ ಶಾಫ್ಟ್ ಅದುರಬಹುದು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಎಷ್ಟು ಎತ್ತರವೋ ಅಷ್ಟು ಇಕ್ಕಟ್ಟು.

ಭಾರತದಲ್ಲಿ ಈ ಗೀಳಿಗೆ ಕಾನೂನಿನ ಅಡ್ಡಿಯಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪಿತ್ತಿತು. ಆದರೆ 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಇಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪಿನಲ್ಲೂ ಇದ್ದದ್ದು ಆ ಗಟ್ಟಿ ಅಚ್ಚೇ. ಎತ್ತರಿಸದಿದ್ದರೂ ಕಿಂಗ್ ಪಿನ್ನಿನ ಬೇರಿಂಗ್ ಸವೆದರೆ ಅದೂ ನಡುಗುತ್ತದೆ. ಆಗಲೂ ಬೇಕಾಗುವುದು ಇಬ್ಬರೇ: ಸ್ಟೀರಿಂಗ್ ಮುಂದೆ ಒಬ್ಬ, ಗಾಡಿಯ ಕೆಳಗೆ ಒಬ್ಬ.