ಮೊದಲು ನೊಂದದ್ದು ಮೂಕ ಜೀವಿಗಳು



ಪುಡಿಗಾಸಿಗೆ ಮಾರುವ ಗುಬ್ಬಚ್ಚಿಯೂ ತಂದೆಗೆ ತಿಳಿಯದೆ ನೆಲಕ್ಕೆ ಬೀಳುವುದಿಲ್ಲ ಎಂಬ ಅರ್ಥದ ಮಾತನ್ನು ಯೇಸುಸ್ವಾಮಿ ಹೇಳಿದ್ದು ಮತ್ತಾಯನ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ. ತಂದೆಗೆ ತಿಳಿಯುತ್ತದೆ. ನಮಗೆ? ಚರಿತ್ರೆ ನೋಡಿದರೆ, ನಮಗೆ ತಿಳಿಯುವುದು ಬಹಳ ತಡವಾಗಿ.

ಪೇಟೆಯ ಹಕ್ಕಿಗಳ ಕತೆಯನ್ನೇ ನೋಡೋಣ. ಎಂಜಿನ್ ಸರಿಯಾಗಿ ಓಡಲೆಂದು ಪೆಟ್ರೋಲಿಗೆ ಸೀಸ ಬೆರೆಸುವುದು ಅಮೆರಿಕದಲ್ಲಿ 1920ರ ದಶಕದಲ್ಲಿ ಶುರುವಾಯಿತು. ಹೊಗೆಯ ಜೊತೆ ಹೊರಬಂದ ಸೀಸ ರಸ್ತೆ ಬದಿಯ ಮಣ್ಣಿಗೆ ಬಿತ್ತು. ಅಲ್ಲೇ ಕಾಳು ಹೆಕ್ಕುವ ಪಾರಿವಾಳ, ಗುಬ್ಬಚ್ಚಿಗಳ ಹೊಟ್ಟೆಗೂ ಹೋಯಿತು. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದೇ ಭ್ರಮಿಸಿ ಎಲುಬಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ರಕ್ತ, ನರಗಳು ಕೆಡುತ್ತವೆ. ಬೆಳೆಯುವ ಗರಿಗೂ ಅದು ಸೇರುವುದರಿಂದ, ಊರಿನ ಮಾಲಿನ್ಯ ಅರಿಯಲು ವಿಜ್ಞಾನಿಗಳು ಹಕ್ಕಿಯ ಗರಿಯನ್ನು ಪರೀಕ್ಷಿಸುತ್ತಾರೆ. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ.

ಅದೇ ವರ್ಷ ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ವಿಷದ ಸಿಂಪಡಣೆಯೂ ನಿಂತಿತು. ಅದು ಲೋಹವಲ್ಲ, ಎಂಡೋಸಲ್ಫಾನ್ ಎಂಬ ಕೀಟನಾಶಕ. ಆದರೆ ಸೀಸದಂತೆ ಅದೂ ಮಣ್ಣು, ನೀರಿನಿಂದ ಜೀವಿಗಳ ದೇಹ ಸೇರುತ್ತದೆ. 1970ರ ದಶಕದ ಕೊನೆಯಿಂದ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್‌ನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ತೋಟ ಗುಡ್ಡದ ಮೇಲೆ, ಮನೆಗಳು ಕೆಳಗೆ. ಬಾವಿ ಮುಚ್ಚಬಹುದು, ಸುರಂಗದ ನೀರನ್ನು, ಹರಿಯುವ ತೋಡನ್ನು ಮುಚ್ಚುವುದು ಹೇಗೆ?

ಅಂಗವಿಕಲ ಕರುಗಳು ಹುಟ್ಟಿದ್ದು 1979ರಲ್ಲೇ ಸುದ್ದಿಯಾಯಿತು. ಆಗಲೇ ಅದರ ಬಗ್ಗೆ ಬರೆದವರು ಪತ್ರಕರ್ತ ಶ್ರೀ ಪಡ್ರೆ. ಜೇನು, ಕಪ್ಪೆ, ಕಾಗೆಗಳು ಕಡಿಮೆಯಾದವೆಂದು ಎಣ್ಮಕಜೆ ಕಡೆಯ ಹಿರಿಯರು ಹೇಳುತ್ತಾರೆ. ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1990ರ ದಶಕದಲ್ಲಿ ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ಮನೆಮನೆಯಲ್ಲಿ ವಿಚಿತ್ರ ಕಾಯಿಲೆಗಳನ್ನು ಕಂಡರು. 1998ರಲ್ಲಿ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಹೊಸದುರ್ಗದ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕರುಗಳು ಹೇಳಿದ್ದು ನಮ್ಮ ಕಿವಿಗೆ ಬೀಳಲು ಇಪ್ಪತ್ತು ವರ್ಷ ಬೇಕಾಯಿತು.

2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು. ಬಾಧಿತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಆದರೆ ಇದು ಮುಗಿದ ಚರಿತ್ರೆಯಲ್ಲ. ಬಾಧಿತರಲ್ಲಿ ಹಲವರು ನಮಗಿಂತ ಸ್ವಲ್ಪ ದೊಡ್ಡವರು, ಅಷ್ಟೇ. ಅವರನ್ನು ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿಗೆ ಪ್ರಾಯವಾಗುತ್ತಾ ಬಂತು. ತನ್ನ ನಂತರ ಮಗುವನ್ನು ಯಾರು ನೋಡುತ್ತಾರೆ ಎಂಬ ಅವರ ಪ್ರಶ್ನೆಗೆ ಯಾವ ಆದೇಶದಲ್ಲೂ ಪೂರ್ತಿ ಉತ್ತರವಿಲ್ಲ.

ಪೋಪ್ ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂದರು. ನಮ್ಮ ಜಿಲ್ಲೆಯಲ್ಲಿ ಅವೆರಡೂ ಒಂದೇ ಕೂಗು. ಹಳೆಯ ಬ್ಯಾಟರಿ, ವಯರುಗಳನ್ನು ಹಿತ್ತಿಲಲ್ಲಿ ಸುಡದಿರೋಣ, ಅದರಲ್ಲೂ ಸೀಸವಿದೆ. ಅಂಗಳಕ್ಕೆ ಬರುತ್ತಿದ್ದ ಹಕ್ಕಿ ಬಾರದಿದ್ದರೆ ಏಕೆಂದು ಕೇಳೋಣ. ಭಾನುವಾರದ ಪೂಜೆ ಮುಗಿಸಿ ಒಮ್ಮೆಯಾದರೂ ಅಂಥ ಒಬ್ಬ ಅಮ್ಮನ ಮನೆಗೆ ಹೋಗಿ, ಅರ್ಧ ದಿನ ಅವರ ಕೆಲಸಕ್ಕೆ ಕೈಜೋಡಿಸೋಣ.