ಬೆಳೆಗಾರರ ವಿಂಟೇಜ್ ಶಾಂಪೇನ್

ಫ್ರಾನ್ಸಿನ ಈಶಾನ್ಯ ಭಾಗದ ಶಾಂಪೇನ್ ಸೀಮೆಯಲ್ಲಿ ತಯಾರಾಗುವ ನೊರೆಯುಕ್ಕುವ ವೈನ್. ದ್ರಾಕ್ಷಿ ಬೆಳೆದ ಕುಟುಂಬವೇ ಅದನ್ನು ಹಿಂಡಿ, ಹುದುಗಿಸಿ, ಬಾಟಲಿಗೆ ತುಂಬಿ ತನ್ನ ಹೆಸರಿನಲ್ಲಿ ಮಾರುವುದು ಇದರ ಒಂದು ಲಕ್ಷಣ. ಒಂದೇ ವರ್ಷದ ಬೆಳೆಯಿಂದ ತಯಾರಾಗಿ ಆ ಇಸವಿಯನ್ನು ಚೀಟಿಯ ಮೇಲೆ ಹೊತ್ತಿರುವುದು ಇನ್ನೊಂದು. ಸೀಮೆಯ ಒಟ್ಟು ದ್ರಾಕ್ಷಿ ನೆಲ ಸುಮಾರು 34,000 ಹೆಕ್ಟೇರ್. ಅದರಲ್ಲಿ ಹೆಚ್ಚುಕಡಿಮೆ ಶೇ. 90ರಷ್ಟು ಸುಮಾರು 16,000 ಬೆಳೆಗಾರರ ಕೈಯಲ್ಲಿದೆ. ಒಬ್ಬೊಬ್ಬರ ಹಿಡುವಳಿ ಸರಾಸರಿ ಎರಡು ಹೆಕ್ಟೇರ್, ನಮ್ಮ ಲೆಕ್ಕದಲ್ಲಿ ಐದು ಎಕರೆ. ಆದರೆ ಜಗತ್ತಿಗೆ ಪರಿಚಿತವಾದ ಮೊಯೆಟ್, ವವ್ ಕ್ಲಿಕೊ, ಪೊಮರಿ ಮುಂತಾದ ಹೆಸರುಗಳು ಈ ಬೆಳೆಗಾರರಿಂದ ದ್ರಾಕ್ಷಿ ಕೊಳ್ಳುವ ಕಂಪನಿಗಳವು. ನೆಲ ಒಬ್ಬರದು, ಹೆಸರು ಇನ್ನೊಬ್ಬರದು. ಬೆಳೆಗಾರರ ಶಾಂಪೇನಿನ ಚರಿತ್ರೆ ಈ ಅಂತರದ ಚರಿತ್ರೆಯೇ.

ನೆಲ ಮತ್ತು ಹವೆ

ರೀಮ್ಸ್ ಮತ್ತು ಎಪೆರ್ನೆ ಪಟ್ಟಣಗಳ ಸುತ್ತಲಿನ ಈ ಸೀಮೆ ಸುಮಾರು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದ್ರಾಕ್ಷಿ ಮಾಗುವುದಕ್ಕೆ ಇಲ್ಲಿನ ಬಿಸಿಲು ಎಷ್ಟೋ ವರ್ಷ ಸಾಲುತ್ತಿರಲಿಲ್ಲ. ಹಣ್ಣು ಹುಳಿಯಾಗಿಯೇ ಉಳಿಯುತ್ತಿತ್ತು. ಒಂದು ವರ್ಷ ಆಲಿಕಲ್ಲು, ಇನ್ನೊಂದು ವರ್ಷ ವಸಂತದ ಹಿಮ, ಮತ್ತೊಂದು ವರ್ಷ ಬೂಷ್ಟು ರೋಗ. ಕೆಟ್ಟ ವರ್ಷವನ್ನು ಒಳ್ಳೆಯ ವರ್ಷದಿಂದ ಸರಿದೂಗಿಸಲು ಹಲವು ಊರುಗಳ, ಹಲವು ವರ್ಷಗಳ ವೈನ್ ಬೆರೆಸುವ ಪದ್ಧತಿ ಬೆಳೆದದ್ದು ಹೀಗೆ. ಶಾಂಪೇನಿನಲ್ಲಿ ಬೆರಕೆಯೇ ನಿಯಮ, ಇಸವಿ ಹೊತ್ತ ವಿಂಟೇಜ್ ಅಪವಾದ. ಹತ್ತಾರು ಊರುಗಳಿಂದ ಕೊಳ್ಳುವ ಕಂಪನಿಗೆ ಬೆರಕೆ ಸುಲಭ. ಒಂದೇ ಊರಿನಲ್ಲಿ ಐದು ಎಕರೆ ಇರುವವನಿಗೆ ಬೆರೆಸಲು ಹೆಚ್ಚೇನೂ ಇಲ್ಲ. ವಿಂಟೇಜ್ ಅವನ ಪಾಲಿಗೆ ಸಹಜವೂ ಹೌದು, ಅಪಾಯವೂ ಹೌದು.

ಎಪೆರ್ನೆಯ ದಕ್ಷಿಣಕ್ಕೆ ಹಬ್ಬಿದ ಕೋತ್ ದೆ ಬ್ಲಾನ್ ಎಂಬ ಇಳಿಜಾರಿನಲ್ಲಿ ಕ್ರಮಾನ್, ಅವೀಝ್, ಓಜೆ, ಲ ಮೆನಿಲ್ ಎಂಬ ಹಳ್ಳಿಗಳಿವೆ. ಮೇಲ್ಮಣ್ಣಿನ ತೆಳು ಪದರದ ಕೆಳಗೆ ಆಳವಾದ ಸೀಮೆಸುಣ್ಣದ ಕಲ್ಲು. ಮಳೆ ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುವುದು ಅದರ ಗುಣ. ಕೊರೆದರೆ ವರ್ಷವಿಡೀ ತಂಪಾಗಿರುವ ನೆಲಮಾಳಿಗೆಯಾಗುವುದು ಇನ್ನೊಂದು ಗುಣ. ಇಲ್ಲಿ ಬೆಳೆಯುವುದು ಬಹುಮಟ್ಟಿಗೆ ಶಾರ್ಡನೆ ಎಂಬ ಬಿಳಿ ದ್ರಾಕ್ಷಿ. ಸೀಮೆಯ ಉಳಿದೆಡೆ ಪಿನೊ ನ್ವಾರ್, ಮ್ಯೂನಿಯೆ ಎಂಬ ಕಪ್ಪು ದ್ರಾಕ್ಷಿಗಳಿವೆ. ಅವುಗಳ ಸಿಪ್ಪೆಯ ಬಣ್ಣ ಬಿಡದಂತೆ ಹಗುರವಾಗಿ ಹಿಂಡಿದರೆ ರಸ ಬಿಳಿಯಾಗಿಯೇ ಬರುತ್ತದೆ.

ನೊರೆಯ ಹುಟ್ಟು

ಓವಿಲೆ ಮಠದ ಉಗ್ರಾಣಾಧಿಕಾರಿ ದೋಂ ಪೆರಿನ್ಯೋ ಶಾಂಪೇನನ್ನು ಕಂಡುಹಿಡಿದ ಎಂಬುದು ಜನಜನಿತ ಕಥೆ. 1668ರಿಂದ 1715ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ ಅವನ ನಿಜವಾದ ಸಾಧನೆ ಬೇರೆ ಬೇರೆ ತೋಟಗಳ ಹಣ್ಣನ್ನು ಹದವರಿತು ಬೆರೆಸಿದ್ದು. ನೊರೆ ಅವನಿಗೆ ಬೇಡದ ದೋಷವಾಗಿತ್ತು. ಚಳಿಗೆ ಅರ್ಧಕ್ಕೆ ನಿಂತ ಹುದುಗುವಿಕೆ ವಸಂತದಲ್ಲಿ ಮತ್ತೆ ಶುರುವಾಗಿ ಬಾಟಲಿ ಒಡೆಯುತ್ತಿದ್ದುದೇ ಆ ದೋಷ. ವೈನಿಗೆ ಸಕ್ಕರೆ ಸೇರಿಸಿ ಬೇಕೆಂದೇ ನೊರೆ ಬರಿಸುವ ಕ್ರಮವನ್ನು ಕ್ರಿಸ್ಟೋಫರ್ ಮೆರೆಟ್ ಎಂಬ ಇಂಗ್ಲಿಷ್ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ 1662ರಲ್ಲೇ ಬರೆದು ಮಂಡಿಸಿದ್ದ. ಕಲ್ಲಿದ್ದಲ ಕುಲುಮೆಯಲ್ಲಿ ತಯಾರಾದ ಇಂಗ್ಲೆಂಡಿನ ಗಟ್ಟಿ ಗಾಜು ಆ ಒತ್ತಡವನ್ನು ತಡೆಯುತ್ತಿತ್ತು.

1728ರಲ್ಲಿ ಹದಿನೈದನೇ ಲೂಯಿ ಶಾಂಪೇನ್ ವೈನನ್ನು ಬಾಟಲಿಯಲ್ಲಿ ಸಾಗಿಸಲು ಅಪ್ಪಣೆ ಕೊಟ್ಟ. ಮರುವರ್ಷವೇ ರುಯಿನಾರ್ ಕಂಪನಿ ಸ್ಥಾಪನೆಯಾಯಿತು. ಮುಂದಿನ ನೂರೈವತ್ತು ವರ್ಷದ ಕಥೆ ವರ್ತಕರದು. ಬಾಟಲಿಯಲ್ಲಿ ತಂಗಿದ ಯೀಸ್ಟಿನ ಗಷ್ಟನ್ನು ಕತ್ತಿಗೆ ಇಳಿಸುವ ತೂತಿನ ಹಲಗೆ ವವ್ ಕ್ಲಿಕೊ ಕಂಪನಿಯ ಒಡತಿ ಕ್ಲಿಕೊ ವಿಧವೆಯ ನೆಲಮಾಳಿಗೆಯಲ್ಲಿ ರೂಪುಗೊಂಡಿತು. ಎಷ್ಟು ಸಕ್ಕರೆಗೆ ಎಷ್ಟು ನೊರೆ ಎಂಬ ಲೆಕ್ಕವನ್ನು 1836ರಲ್ಲಿ ಔಷಧ ವ್ಯಾಪಾರಿ ಜಾನ್ ಬ್ಯಾಪ್ಟಿಸ್ಟ್ ಫ್ರಾನ್ಸ್ವಾ ಕೊಟ್ಟ. ಬಿರಡೆ ಹಾರದಂತೆ ಬಿಗಿಯುವ ತಂತಿಯ ಪೇಟೆಂಟನ್ನು 1844ರಲ್ಲಿ ಅಡಾಲ್ಫ್ ಜಾಕ್ಸೋನ್ ಪಡೆದ. ಆ ಕಾಲದ ಶಾಂಪೇನ್ ಇಂದಿನವರಿಗೆ ಪಾನಕದಂತೆ ಕಂಡೀತು. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ ಹಡಗಿನಿಂದ ಎತ್ತಿದ, ಹತ್ತೊಂಬತ್ತನೇ ಶತಮಾನದ ಬಾಟಲಿಗಳಲ್ಲಿ ಲೀಟರಿಗೆ 140 ಗ್ರಾಮಿಗೂ ಹೆಚ್ಚು ಸಕ್ಕರೆಯಿತ್ತು. ಸಿಹಿ ಅಷ್ಟಿದ್ದರೆ ಯಾವ ಊರಿನ ದ್ರಾಕ್ಷಿ, ಯಾವ ವರ್ಷದ್ದು ಎಂಬುದು ನಾಲಗೆಗೆ ತಿಳಿಯುವುದೇ ಇಲ್ಲ. ಇಂಗ್ಲಿಷರು ಸಿಹಿ ಕಡಿಮೆಯಿರುವ ವೈನ್ ಕೇಳತೊಡಗಿದ ಮೇಲೆ, ಲೂಯೀಸ್ ಪೊಮರಿ 1874ರ ಬೆಳೆಯಿಂದ ಮಾಡಿದ ಒಣ ಶಾಂಪೇನ್ ಹೆಸರು ಮಾಡಿತು. ಇಸವಿಗೆ ಬೆಲೆ ಬಂದದ್ದು ಸಕ್ಕರೆ ಇಳಿದ ಮೇಲೆ.

1911ರ ದಂಗೆ

ಈ ವೈಭವದಲ್ಲಿ ಬೆಳೆಗಾರನಿಗೆ ಪಾಲಿರಲಿಲ್ಲ. ಕೊಯ್ದ ದ್ರಾಕ್ಷಿಯನ್ನು ಒಂದೆರಡು ದಿನವೂ ಇಟ್ಟುಕೊಳ್ಳಲಾಗದು. ಕೊಳ್ಳುವವರು ಕೆಲವೇ ಮಂದಿ. ಬೆಲೆ ಅವರು ಹೇಳಿದ್ದೇ. ರೈಲು ಬಂದ ಮೇಲೆ ಕೆಲವು ವರ್ತಕರು ಲ್ವಾರ್ ಕಣಿವೆಯಿಂದಲೂ ದಕ್ಷಿಣ ಫ್ರಾನ್ಸಿನಿಂದಲೂ ಅಗ್ಗದ ದ್ರಾಕ್ಷಿ, ವೈನ್ ತರಿಸಿ ಅದಕ್ಕೆ ಶಾಂಪೇನ್ ಎಂಬ ಚೀಟಿ ಅಂಟಿಸಿ ಮಾರಿದರು. 1890ರ ದಶಕದಲ್ಲಿ ಬೇರು ತಿನ್ನುವ ಫಿಲೊಕ್ಸೆರಾ ಕೀಟ ಸೀಮೆಯ ನಡುವಿನ ಮಾರ್ನ್ ಕಣಿವೆಗೆ ಇಳಿಯಿತು. ಬಳ್ಳಿಗಳನ್ನು ಕಿತ್ತು ಅಮೆರಿಕದ ಬೇರಿಗೆ ಕಸಿ ಕಟ್ಟಿ ಮತ್ತೆ ನೆಡಬೇಕಾಯಿತು, ಅದಕ್ಕೆ ಸಾಲ. ಸರಣಿ ಕೆಟ್ಟ ಬೆಳೆಗಳ ಕೊನೆಗೆ 1910ರಲ್ಲಿ ಕೈಗೆ ಏನೂ ಹತ್ತಲಿಲ್ಲ.

1911ರ ಜನವರಿಯಲ್ಲಿ ದಾಮೆರಿ, ಓವಿಲೆ ಹಳ್ಳಿಗಳ ಬೆಳೆಗಾರರು ಹೊರಗಿನ ವೈನ್ ತರಿಸಿದ್ದವರ ನೆಲಮಾಳಿಗೆಗಳಿಗೆ ನುಗ್ಗಿ ಪೀಪಾಯಿಗಳನ್ನು ಒಡೆದರು. ಜಗಳಕ್ಕೆ ಇನ್ನೊಂದು ಮುಖವೂ ಇತ್ತು. 1908ರ ಆಜ್ಞೆ ಶಾಂಪೇನ್ ಸೀಮೆಯ ಗಡಿ ಗುರುತಿಸಿದಾಗ ದಕ್ಷಿಣದ ಓಬ್ ಜಿಲ್ಲೆಯನ್ನು ಹೊರಗಿಟ್ಟಿತ್ತು, ಅಲ್ಲಿನವರು ಬೀದಿಗಿಳಿದರು. ಅವರನ್ನು ಸಮಾಧಾನಪಡಿಸಲು ಏಪ್ರಿಲ್‌ನಲ್ಲಿ ಪ್ಯಾರಿಸಿನ ಸೆನೆಟ್ ಗಡಿಯನ್ನೇ ಕೈಬಿಡುವ ಮಾತೆತ್ತಿತು. ಅಷ್ಟಕ್ಕೇ ಮಾರ್ನ್ ಬೆಳೆಗಾರರು ಕೆರಳಿ ಆಯಿ ಪಟ್ಟಣದಲ್ಲಿ ವರ್ತಕರ ಮನೆ, ಕಟ್ಟಡಗಳಿಗೆ ಬೆಂಕಿಯಿಟ್ಟರು. ಸರ್ಕಾರ ಸೈನ್ಯ ಕಳುಹಿಸಿತು. ಓಬ್ ಜಿಲ್ಲೆಗೆ ಎರಡನೇ ದರ್ಜೆಯ ಸ್ಥಾನ ಕೊಟ್ಟು ಜಗಳವನ್ನು ಮುಂದೂಡಲಾಯಿತು. ಅದು ಸೀಮೆಯ ಪೂರ್ಣ ಭಾಗವಾದದ್ದು 1927ರ ಕಾನೂನಿನಿಂದ. ಹಳ್ಳಿಗಳಿಗೆ ಅಂಕ ಕೊಟ್ಟು, ಆ ಅಂಕದ ಪ್ರಕಾರ ದ್ರಾಕ್ಷಿಗೆ ಬೆಲೆ ಕಟ್ಟುವ ಏರ್ಪಾಡು ಇದೇ ಕಾಲದಲ್ಲಿ ಬೇರೂರಿತು. ಆ ಏರ್ಪಾಡಿನಲ್ಲಿ ನೂರಕ್ಕೆ ನೂರು ಪಡೆದಿದ್ದ 17 ಹಳ್ಳಿಗಳನ್ನು ಇಂದಿಗೂ ಗ್ರಾಂ ಕ್ರೂ ಎನ್ನುತ್ತಾರೆ. ಶಾಂಪೇನ್ ಎಂಬ ಹೆಸರಿಗೆ ಇಂದು ಇರುವ ಕಾನೂನಿನ ಕಾವಲು ಹುಟ್ಟಿದ್ದು ಈ ಹೊಟ್ಟೆಯ ಸಿಟ್ಟಿನಿಂದ ಎಂಬುದನ್ನು ಕಂಪನಿಗಳ ಜಾಹೀರಾತುಗಳು ಹೇಳುವುದಿಲ್ಲ.

ಬೆಳೆಗಾರನೇ ಬಾಟಲಿ ತುಂಬಿದಾಗ

ಒಂದೇ ಊರು, ಒಂದೇ ದ್ರಾಕ್ಷಿ, ಒಂದೇ ವರ್ಷ ಎಂಬ ಕಲ್ಪನೆಯನ್ನು ಮೊದಲು ಸಾಧಿಸಿ ತೋರಿಸಿದವನು ತುಪ್ಪುಳ ಚರ್ಮದ ವ್ಯಾಪಾರಿ ಎಮೆ ಸಲೋನ್. ಲ ಮೆನಿಲ್‌ನಲ್ಲಿ ಸಣ್ಣ ತೋಟ ಮಾಡಿ 1905ರಲ್ಲಿ ಗೆಳೆಯರಿಗಾಗಿ ಶುರುಮಾಡಿದ ಅವನ ವೈನ್ 1920ರ ದಶಕದಲ್ಲಿ ಮಾರುಕಟ್ಟೆಗೆ ಬಂದಿತು. ಬೆಳೆ ಮನಸ್ಸಿಗೆ ಬಾರದ ವರ್ಷ ಸಲೋನ್ ತಯಾರಾಗುವುದೇ ಇಲ್ಲ; ಇಪ್ಪತ್ತನೇ ಶತಮಾನದಲ್ಲಿ ಬಂದದ್ದು 37 ವಿಂಟೇಜ್ ಮಾತ್ರ. ಈಗ ಅದು ಲೋರಾನ್ ಪೆರಿಯೆ ಕಂಪನಿಯ ಕೈಯಲ್ಲಿದೆ.

ನಿಜವಾದ ಬೆಳೆಗಾರರು ಈ ದಾರಿಗೆ ಬಂದದ್ದು ಒಲವಿನಿಂದಲ್ಲ, ಗತಿಯಿಲ್ಲದೆ. 1930ರ ದಶಕದ ಮುಗ್ಗಟ್ಟಿನಲ್ಲಿ ಕಂಪನಿಗಳು ದ್ರಾಕ್ಷಿ ಕೊಳ್ಳುವುದನ್ನು ನಿಲ್ಲಿಸಿದಾಗ ಕೆಲವರು ಸಹಕಾರ ಸಂಘ ಕಟ್ಟಿದರು, ಕೆಲವರು ಮನೆಯಲ್ಲೇ ಬಾಟಲಿ ತುಂಬಿದರು. ಕ್ವೀ ಹಳ್ಳಿಯ ಜಿಮೊನೆ ಕುಟುಂಬದ ಹೆಸರಿನ ಶಾಂಪೇನ್ 1935ರಲ್ಲಿ ಆರಂಭವಾದದ್ದು ಹೀಗೆಯೇ. 1941ರಲ್ಲಿ, ಸೀಮೆ ಜರ್ಮನ್ ಸೈನ್ಯದ ಹಿಡಿತದಲ್ಲಿದ್ದಾಗ, ಬೆಳೆಗಾರರ ಪರ ಮೊರೀಸ್ ದ್ವಾಯಾರ್, ಕಂಪನಿಗಳ ಪರ ರಾಬರ್ ಜಾನ್ ದ ವೊಗ್ಯೂ ಮುಂದಾಗಿ ಕಟ್ಟಿದ ಜಂಟಿ ಸಮಿತಿ ಇಂದಿಗೂ ಸೀಮೆಯ ಆಡಳಿತ ನಡೆಸುತ್ತಿದೆ. ಯುದ್ಧದ ನಂತರ ಪ್ಯಾರಿಸಿನವರು, ಬೆಲ್ಜಿಯಂನವರು ವಾರಾಂತ್ಯಕ್ಕೆ ಕಾರಿನಲ್ಲಿ ಬಂದು ತೋಟದ ಬಾಗಿಲಲ್ಲೇ ಪೆಟ್ಟಿಗೆಗಟ್ಟಲೆ ಕೊಂಡು ಹೋಗತೊಡಗಿದರು. ಬೆಳೆಗಾರನ ವ್ಯಾಪಾರಕ್ಕೆ ಅದೇ ಬಂಡವಾಳ.

ತಯಾರಿಕೆ

ಕೊಯ್ಲು ಕೈಯಿಂದಲೇ ಆಗಬೇಕೆಂಬುದು ಕಾನೂನು. 4,000 ಕಿಲೊ ದ್ರಾಕ್ಷಿಯಿಂದ 2,550 ಲೀಟರಿಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಅದರಲ್ಲೂ ಮೊದಲು ಇಳಿಯುವ 2,050 ಲೀಟರೇ ಶ್ರೇಷ್ಠ. ಒಳ್ಳೆಯ ವಿಂಟೇಜಿಗೆ ಅನೇಕರು ಅದನ್ನಷ್ಟೇ ಬಳಸುತ್ತಾರೆ. ಚಳಿಗಾಲದಲ್ಲಿ ಮೊದಲ ಹುದುಗು ಮುಗಿಯುತ್ತದೆ. ವಸಂತದಲ್ಲಿ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಜೊತೆಗೆ ಯೀಸ್ಟ್ ಸೇರಿಸಿ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಒಳಗೇ ನಡೆಯುವ ಎರಡನೇ ಹುದುಗಿನ ಅನಿಲ ಹೊರಹೋಗಲಾರದೆ ವೈನಿನಲ್ಲಿ ಕರಗಿ ಆರು ವಾಯುಭಾರದಷ್ಟು ಒತ್ತಡವಾಗುತ್ತದೆ. ಸತ್ತ ಯೀಸ್ಟಿನ ಗಷ್ಟಿನ ಮೇಲೆ ವೈನ್ ಮಲಗಿದಷ್ಟೂ ಸುಟ್ಟ ಬ್ರೆಡ್ಡಿನ, ಬಾದಾಮಿಯ ಪರಿಮಳ ಹತ್ತುತ್ತದೆ. ಸಾಮಾನ್ಯ ಶಾಂಪೇನಿಗೆ ನೆಲಮಾಳಿಗೆಯಲ್ಲಿ ಕನಿಷ್ಠ 15 ತಿಂಗಳು, ವಿಂಟೇಜಿಗೆ ಮೂರು ವರ್ಷ. ನಿಜಕ್ಕೂ ಇಡುವವರು ಆರೆಂಟು ವರ್ಷ ಇಡುತ್ತಾರೆ. ಅಷ್ಟು ಕಾಲ ದುಡ್ಡು ನೆಲದಡಿ ಮಲಗಿರುವುದನ್ನು ಸಹಿಸಿಕೊಳ್ಳುವುದು ಸಣ್ಣ ಕುಟುಂಬಕ್ಕೆ ಸುಲಭವಲ್ಲ.

ಆಮೇಲೆ ಬಾಟಲಿಗಳನ್ನು ಕತ್ತು ಕೆಳಗಾಗಿ ಹಲಗೆಗೆ ಸಿಕ್ಕಿಸಿ, ದಿನವೂ ಎಂಟನೇ ಒಂದು ಸುತ್ತಿನಷ್ಟು ಅಲುಗಿಸಿ ತಿರುಗಿಸುತ್ತಾ ಗಷ್ಟನ್ನು ಬಾಯಿಗೆ ಇಳಿಸಬೇಕು. ನುರಿತ ಕೈ ದಿನಕ್ಕೆ 40,000 ಬಾಟಲಿ ತಿರುಗಿಸೀತು. ಆದರೂ ಒಂದು ಬಾಟಲಿಗೆ ಆರೇಳು ವಾರ ಹಿಡಿಯುತ್ತದೆ. ಈ ಕೆಲಸವನ್ನು ಒಂದು ವಾರಕ್ಕಿಳಿಸಿದ, ಸುಮಾರು ಐನೂರು ಬಾಟಲಿಗಳ ಪಂಜರವನ್ನೇ ತಿರುಗಿಸುವ ಯಂತ್ರವನ್ನು 1960ರ ದಶಕದ ಕೊನೆಗೆ ರೂಪಿಸಿದವನು ಲ ಮೆನಿಲ್‌ನ ಬೆಳೆಗಾರ ಕ್ಲೋದ್ ಕಜಾಲ್. ಕೊನೆಗೆ ಬಾಟಲಿಯ ಕತ್ತನ್ನು ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಷ್ಟು ಮಂಜುಗಡ್ಡೆಯ ತುಂಡಾಗಿ ಹಾರಿಹೋಗುತ್ತದೆ. ಖಾಲಿಯಾದಷ್ಟು ಜಾಗಕ್ಕೆ ವೈನ್ ಮತ್ತು ತುಸು ಸಕ್ಕರೆ ಸೇರಿಸಿ ಬಿರಡೆ ಬಿಗಿಯುತ್ತಾರೆ. ಬ್ರೂಟ್, ಅಂದರೆ ಒಣ ಶಾಂಪೇನ್, ಎನ್ನಿಸಿಕೊಳ್ಳಲು ಸಕ್ಕರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆಯಿರಬೇಕು.

ಪುನರುತ್ಥಾನ

ಹಳ್ಳಿಯ ಸೊಬಗಿನ ಚಿತ್ರ ಬರೆಯುವವರು ಮರೆಯುವ ಸಂಗತಿಯೊಂದಿದೆ. ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಈ ಬೆಳೆಗಾರರು ಪ್ಯಾರಿಸ್ ನಗರದ ಕಸವನ್ನೇ ಅಗ್ಗದ ಗೊಬ್ಬರವೆಂದು ತೋಟಗಳಿಗೆ ಹರಡುತ್ತಿದ್ದರು. ಅದು ನಿಂತದ್ದು 1990ರ ದಶಕದ ಕೊನೆಗೆ. ಗಾಜಿನ ಚೂರು, ನೀಲಿ ಪ್ಲಾಸ್ಟಿಕ್ಕಿನ ತುಣುಕು ಅಲ್ಲಿನ ಬಿಳಿ ಮಣ್ಣಿನಲ್ಲಿ ಬಹುಕಾಲ ಕಾಣುತ್ತಿದ್ದವು. ಕಂಪನಿ ದ್ರಾಕ್ಷಿಯನ್ನು ಕಿಲೊ ಲೆಕ್ಕದಲ್ಲಿ ಕೊಳ್ಳುವಾಗ ಬೆಳೆಗಾರ ತೂಕವನ್ನಲ್ಲದೆ ಇನ್ನೇನನ್ನು ಬೆಳೆದಾನು?

ಈ ಲೆಕ್ಕವನ್ನು ಬದಲಿಸಿದವರಲ್ಲಿ ಮುಖ್ಯನಾದವನು ಅವೀಝ್‌ನ ಆನ್ಸೆಲ್ಮ್ ಸೆಲೋಸ್. ಬರ್ಗಂಡಿಯ ಬೋನ್‌ನಲ್ಲಿ ಕಲಿತು ಬಂದು, 1970ರ ದಶಕದಲ್ಲಿ ತಂದೆಯ ತೋಟಕ್ಕಿಳಿದ ಅವನು ಇಳುವರಿ ಇಳಿಸಿದ, ಕಳೆನಾಶಕ ಬಿಟ್ಟ, ಮರದ ಪೀಪಾಯಿಯಲ್ಲಿ ಹುದುಗಿಸಿದ. 1994ರಲ್ಲಿ ಗೋ ಮಿಯೊ ಮಾರ್ಗದರ್ಶಿ ಅವನನ್ನು ಫ್ರಾನ್ಸಿನ ಅತ್ಯುತ್ತಮ ವೈನ್ ತಯಾರಕನೆಂದು ಕರೆಯಿತು. ತಮಾಷೆಯೆಂದರೆ ಅವನ ಅತಿ ಪ್ರಸಿದ್ಧ ವೈನ್ ವಿಂಟೇಜ್ ಅಲ್ಲ. 1986ರಿಂದ ವರ್ಷವರ್ಷದ ವೈನ್ ಸೇರಿಸುತ್ತಲೇ ಬಂದ ಬೆರಕೆ. ಅಮೆರಿಕದಲ್ಲಿ ಟೆರ್ರಿ ತೀಸ್ ಎಂಬ ಆಮದುಗಾರ ಇಂಥ ಬೆಳೆಗಾರರನ್ನೇ ಆರಿಸಿ ಪರಿಚಯಿಸಿದ. ಒಂದೇ ತೋಟದ ವಿಂಟೇಜಿನ ಬೆಲೆಯನ್ನು ಕಂಪನಿಗಳೂ ಅರಿತವು: ಕ್ರುಗ್ 1971ರಲ್ಲಿ ಲ ಮೆನಿಲ್‌ನ ಗೋಡೆಯೊಳಗಿನ 1.84 ಹೆಕ್ಟೇರ್ ಕೊಂಡು, 1979ರ ಬೆಳೆಯಿಂದ ಅದನ್ನು ಪ್ರತ್ಯೇಕವಾಗಿ ಬಾಟಲಿಗಿಳಿಸಿತು.

ವಿಂಟೇಜಿನ ಸ್ವರೂಪವನ್ನು ಹವಾಮಾನವೂ ಬದಲಿಸಿದೆ. ಹಿಂದೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಆಗುತ್ತಿದ್ದ ಕೊಯ್ಲು 2003ರ ಬಿಸಿಲಿನ ನಂತರ ಹಲವು ವರ್ಷ ಆಗಸ್ಟ್‌ನಲ್ಲೇ ಶುರುವಾಗಿದೆ. ಹಣ್ಣು ಮಾಗುವುದು ಈಗ ಚಿಂತೆಯಲ್ಲ. 1996, 2002, 2008ರ ವಿಂಟೇಜುಗಳನ್ನು ಎತ್ತಿಹಿಡಿದ ಹುಳಿ ಉಳಿಯುವುದೇ ಚಿಂತೆ. ಕುಟುಂಬಗಳಿಗೆ ಅದಕ್ಕಿಂತ ದೊಡ್ಡ ಕಷ್ಟ ನೆಲದ ಬೆಲೆ. ಹೆಕ್ಟೇರಿಗೆ ಸುಮಾರು ಹತ್ತು ಲಕ್ಷ ಯೂರೊ, ಕೋತ್ ದೆ ಬ್ಲಾನ್‌ನಲ್ಲಿ ಇನ್ನೂ ಹೆಚ್ಚು. ಆಸ್ತಿ ಮಕ್ಕಳಿಗೆಲ್ಲ ಪಾಲಾಗಬೇಕು, ವಾರಸಾ ತೆರಿಗೆ ಕಟ್ಟಬೇಕು, ಮಾರಿಬಿಡುವವರೇ ಹೆಚ್ಚುತ್ತಿದ್ದಾರೆ. ಹೆಸರು ಏರುತ್ತಿರುವ ಈ ಕಾಲದಲ್ಲೇ ಒಟ್ಟು ಮಾರಾಟದಲ್ಲಿ ಬೆಳೆಗಾರರ ಪಾಲು ಇಳಿಯುತ್ತಿದೆ.

ಕರ್ನಾಟಕದ ನಂಟು

ಗ್ರಾಂ ಕ್ರೂ ಹಳ್ಳಿಯಾದ ಬೂಝಿಯ ಬೆಳೆಗಾರ, ಮುಮ್ ಕಂಪನಿಯ ತೋಟಗಳನ್ನು ನೋಡಿಕೊಂಡಿದ್ದ ಜಾರ್ಜ್ ವೆಸೆಲ್ 1980ರ ದಶಕದಲ್ಲಿ ಉದ್ಯಮಿ ಕನ್ವಲ್ ಗ್ರೋವರ್ ಜೊತೆ ಸೇರಿ ನಂದಿ ಬೆಟ್ಟದ ತಪ್ಪಲನ್ನು ಆರಿಸಿದ. ದೊಡ್ಡಬಳ್ಳಾಪುರದ ಬಳಿ ಫ್ರೆಂಚ್ ವೈನ್ ದ್ರಾಕ್ಷಿ ಬೇರೂರಿದ್ದು ಹಾಗೆ. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ದೆಯಿಲ್ಲ; ವರ್ಷಕ್ಕೆ ಎರಡು ಸಲ ಸವರಿ ಒಂದೇ ಸಲ ಕೊಯ್ಯುತ್ತಾರೆ. ಇಲ್ಲಿಯಾಗಲಿ ನಾಸಿಕದಲ್ಲಾಗಲಿ ಶಾಂಪೇನಿನ ಕ್ರಮದಲ್ಲೇ ನೊರೆ ವೈನ್ ಮಾಡಿದರೂ ಶಾಂಪೇನ್ ಎಂಬ ಹೆಸರು ಅದಕ್ಕೆ ಸಲ್ಲದು.

ಚೀಟಿಯ ಗುರುತು

ಬಾಟಲಿಯ ಚೀಟಿಯ ಅಂಚಿನಲ್ಲಿ ಸಣ್ಣಗೆ ಅಚ್ಚಾದ ಎರಡಕ್ಷರ ತಯಾರಕನ ಜಾತಕ ಹೇಳುತ್ತದೆ. ಎನ್.ಎಂ. ಎಂದಿದ್ದರೆ ದ್ರಾಕ್ಷಿ ಕೊಂಡು ತಯಾರಿಸುವ ಕಂಪನಿ, ಸಿ.ಎಂ. ಎಂದರೆ ಸಹಕಾರ ಸಂಘ. ಆರ್.ಎಂ. ಎಂದರೆ ತಾನೇ ಬೆಳೆದು ತಾನೇ ತಯಾರಿಸಿದವನು; ಅವನು ಹೊರಗಿನಿಂದ ಕೊಳ್ಳಬಹುದಾದದ್ದು ಶೇ. 5 ಮಾತ್ರ. ಮೋಸ ಹೋಗುವುದು ಆರ್.ಸಿ. ಎಂಬಲ್ಲಿ: ಹೆಸರು ಬೆಳೆಗಾರನದು, ಊರು ಅವನದು, ಆದರೆ ಒಳಗಿರುವುದು ಸಹಕಾರ ಸಂಘ ಎಲ್ಲರ ಹಣ್ಣು ಸೇರಿಸಿ ತಯಾರಿಸಿದ ವೈನ್. ಇಸವಿಗೂ ಒಂದು ಮಿತಿಯಿದೆ. ವೈನೆಲ್ಲ ಆ ವರ್ಷದ್ದೇ ಆಗಿರಬೇಕು, ಆದರೆ ಆ ವರ್ಷದ ಬೆಳೆಯ ಶೇ. 80ಕ್ಕಿಂತ ಹೆಚ್ಚನ್ನು ವಿಂಟೇಜ್ ಆಗಿ ಮಾರುವಂತಿಲ್ಲ. ಉಳಿದದ್ದು ಬೆರಕೆಗೆ, ಮುಂದಿನ ಕೆಟ್ಟ ವರ್ಷಗಳಿಗೆ ಒದಗಲೆಂಬುದು ಇದರ ಉದ್ದೇಶ.