ಜಂಜಿಬಾರಿನ ಹಾಡುಕೂಟಗಳು: ಅಳಿವಿನಂಚಿನಿಂದ ಮರಳಿದ ಪರಂಪರೆ

ಪೂರ್ವ ಆಫ್ರಿಕಾದ ಜಂಜಿಬಾರ್ ದ್ವೀಪದ ನಿವಾಸಿಗಳಲ್ಲಿ ಬಹುಪಾಲು ಮುಸ್ಲಿಮರು. ಅಲ್ಲಿನ ನಿಕಾಹ್‌ನ ಸಂಭ್ರಮದಲ್ಲೂ ಈದ್‌ನ ರಾತ್ರಿಗಳಲ್ಲೂ ಕೇಳಿಬರುವ ಗಾಯನವೇ ‘ತಾರಬ್’. ಭಾವಪರವಶತೆಯನ್ನು ಸೂಚಿಸುವ ಅರಬಿಯ ‘ತರಬ್’ ಪದದಿಂದ ಈ ಹೆಸರು ಬಂದಿದೆ.

1870ರಿಂದ 1888ರವರೆಗೆ ಆಳಿದ ಸುಲ್ತಾನ್ ಬರ್ಗಶ್ ಬಿನ್ ಸಈದ್ ಈ ಸಂಗೀತವನ್ನು ಕೈರೋದಿಂದ ಅರಮನೆಗೆ ತರಿಸಿದನೆಂಬುದು ಪ್ರತೀತಿ. ಅದನ್ನು ಅರಮನೆಯ ಹೊರಗೆ ಬೆಳೆಸಿದ್ದು ಹಾಡುಕೂಟಗಳು. ಅವುಗಳಲ್ಲಿ ಹಿರಿಯದಾದ ‘ಇಖ್ವಾನಿ ಸಫಾ’ 1905ರಲ್ಲಿ ಆರಂಭವಾಯಿತು. ಹತ್ತನೆಯ ಶತಮಾನದಲ್ಲಿ ಬಸರಾದಲ್ಲಿದ್ದ ಚಿಂತಕರ ಬಳಗವೊಂದರ ಹೆಸರನ್ನೇ ಅದು ತಳೆಯಿತು. ‘ಪರಿಶುದ್ಧತೆಯ ಸಹೋದರರು’ ಎಂಬುದು ಅದರ ಅರ್ಥ.

ಈ ಗಾಯನವನ್ನು ಜನಸಾಮಾನ್ಯರ ಮಾತಿಗೆ ತಂದವರಲ್ಲಿ ಸಿತಿ ಬಿಂತಿ ಸಾದ್ ಅಗ್ರಗಣ್ಯರು. ಗುಲಾಮಗಿರಿಯನ್ನು ಕಂಡಿದ್ದ ಬಡ ಕುಟುಂಬದಲ್ಲಿ ಹುಟ್ಟಿ, ಮಡಕೆ ಮಾರಿ ಬದುಕುತ್ತಿದ್ದ ಈ ಮಹಿಳೆ, ಅರಬಿ ಮೆರೆಯುತ್ತಿದ್ದ ಕಡೆ ಸ್ವಾಹಿಲಿಯಲ್ಲಿ ಹಾಡಿದರು. ಬಡವರ ನೋವನ್ನೂ ನ್ಯಾಯಾಲಯಗಳ ಅನ್ಯಾಯವನ್ನೂ ಹಾಡಿಗೆ ವಸ್ತುವಾಗಿಸಿದರು. 1928ರಲ್ಲಿ ಮುಂಬಯಿಗೆ ಬಂದು ಅವರು ಧ್ವನಿಮುದ್ರಿಸಿದ ಹಾಡುಗಳು ಪೂರ್ವ ಆಫ್ರಿಕಾದ ಮನೆಮನೆಗೂ ತಲುಪಿದವು.

1964ರ ಕ್ರಾಂತಿಯಲ್ಲಿ ಸುಲ್ತಾನನ ಆಳ್ವಿಕೆ ಕೊನೆಗೊಂಡಿತು. ಅರಬ್ ಮತ್ತು ಭಾರತೀಯ ಮೂಲದ ಅನೇಕರು ಪ್ರಾಣ ಕಳೆದುಕೊಂಡರು. ಇನ್ನನೇಕರು ದ್ವೀಪವನ್ನೇ ತೊರೆದರು. ಕಲೆಯ ಪೋಷಕರು ಚದುರಿಹೋದರು. ಮುಂದೆ ವಿದ್ಯುತ್ ಕೀಬೋರ್ಡಿನ ಹೊಸ ಶೈಲಿ ಜನಪ್ರಿಯವಾದಾಗ ಊದ್, ಕಾನೂನ್‌ಗಳನ್ನು ನುಡಿಸಬಲ್ಲವರು ವೃದ್ಧರಷ್ಟೇ ಎಂಬ ಸ್ಥಿತಿ ಬಂತು.

ಆ ವೃದ್ಧರ ವಿದ್ಯೆ ಅವರೊಂದಿಗೇ ಮಣ್ಣುಪಾಲಾಗದಂತೆ ತಡೆದದ್ದು ಶಿಕ್ಷಣ. 2002ರಲ್ಲಿ ಹಳೆಯ ಸುಂಕದ ಕಟ್ಟೆಯ ಕಟ್ಟಡದಲ್ಲಿ ಸಂಗೀತ ಶಾಲೆಯೊಂದು ತೆರೆಯಿತು. ಹಿರಿಯ ಕಲಾವಿದರು ಅಲ್ಲಿ ಗುರುಗಳಾದರು. ಹುಡುಗರೊಂದಿಗೆ ಹುಡುಗಿಯರೂ ವಾದ್ಯ ಹಿಡಿದರು. ಶತಮಾನ ದಾಟಿದ ಇಖ್ವಾನಿ ಸಫಾ ಇಂದಿಗೂ ಜೀವಂತವಾಗಿದೆ.

ವಾದ್ಯಸಂಗೀತದ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯಗಳಿವೆ. ಅದರ ತೀರ್ಮಾನ ಈ ಲೇಖನದ ಉದ್ದೇಶವಲ್ಲ. ಆದರೆ ಈದ್ ದಿನ ಹ. ಆಯಿಶಾರ(ರ) ಮನೆಯಲ್ಲಿ ಬಾಲಕಿಯರು ಹಾಡುತ್ತಿದ್ದಾಗ ಅವರನ್ನು ತಡೆಯಹೋದ ಹ. ಅಬೂಬಕರ್‌ರೊಡನೆ(ರ), ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿವರ್ಯರು(ಸ) ಹೇಳಿದ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಸಮುದಾಯದ ಸಂತೋಷಕ್ಕೆ ಧರ್ಮದಲ್ಲಿ ಸ್ಥಾನವಿದೆಯೆಂಬುದಕ್ಕೆ ಇದು ಸಾಕ್ಷಿ.

ನಮ್ಮ ಕರಾವಳಿಯ ಹೆಂಚುಗಳು ಒಂದು ಕಾಲದಲ್ಲಿ ಹಡಗೇರಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತಿದ್ದವು. ಇಂದು ಅತ್ತಣಿಂದ ನಾವು ಪಡೆಯಬೇಕಾದ ಪಾಠವೊಂದಿದೆ. ನಮ್ಮ ಬ್ಯಾರಿ ಮದುವೆಮನೆಗಳ ಹಾಡುಗಳನ್ನೂ ದಫ್‌ನ ಲಯವನ್ನೂ ಬಲ್ಲ ಅಜ್ಜಿಯರು, ಉಸ್ತಾದರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ನಮ್ಮ ಮಕ್ಕಳನ್ನು ಅವರ ಮುಂದೆ ಕೂರಿಸೋಣ.